ನ್ಯೂಗ್ರೇಂಜ್: ಕಲ್ಲಿನ ಸಾಕ್ಷ್ಯ ಮತ್ತು ಊರಿನ ಮಾತು

ಐರ್ಲೆಂಡಿನ ಮೀತ್ ಕೌಂಟಿಯಲ್ಲಿ, ಬಾಯ್ನ್ ನದಿಯ ತಿರುವಿನಲ್ಲಿ ನ್ಯೂಗ್ರೇಂಜ್ ಎಂಬ ಸಮಾಧಿ ದಿಬ್ಬವಿದೆ. ಲೋಹದ ಬಳಕೆಯನ್ನರಿಯದ ನವಶಿಲಾಯುಗದ ಕೃಷಿಕರು ಕ್ರಿ.ಪೂ. 3200ರ ಸುಮಾರಿಗೆ ಇದನ್ನು ಕಟ್ಟಿದರು. ಗೀಜಾದ ಮಹಾ ಪಿರಮಿಡ್ಡಿಗಿಂತಲೂ ಇದು ಪ್ರಾಚೀನವಾದುದು.

ದಿಬ್ಬದ ವ್ಯಾಸ ಸುಮಾರು 85 ಮೀಟರ್. ಬುಡದ ಸುತ್ತ 97 ಅಂಚುಗಲ್ಲುಗಳಿವೆ. ಆಗ್ನೇಯಾಭಿಮುಖವಾದ ಬಾಗಿಲಿನಿಂದ 19 ಮೀಟರ್ ಉದ್ದದ ಕಲ್ಲಿನ ಓಣಿಯು ಒಳಕೋಣೆಯನ್ನು ಸೇರುತ್ತದೆ. ಕಲ್ಲಿನ ಮೇಲೆ ಕಲ್ಲನ್ನು ತುಸುತುಸುವೇ ಒಳಚಾಚಿ ಜೋಡಿಸಿದ ಅದರ ಚಾವಣಿ ಗಾರೆಯಿಲ್ಲದೆ ಇಂದಿಗೂ ನಿಂತಿದೆ. ಕೋಣೆಯಲ್ಲಿ ಸುಟ್ಟ ಹಾಗೂ ಸುಡದ ಮಾನವ ಮೂಳೆಗಳು ದೊರೆತಿವೆ.

ಬಾಗಿಲ ಮುಂದಿನ ಕಲ್ಲಿನಲ್ಲಿ ಸುರುಳಿಗಳೂ ವಜ್ರಾಕೃತಿಗಳೂ ಇವೆ. ಒಳಕೋಣೆಯಲ್ಲಿ ಪ್ರಸಿದ್ಧವಾದ ಮೂರು ಸುರುಳಿಗಳ ಕೆತ್ತನೆಯಿದೆ. ಕೆಲವು ಕಲ್ಲುಗಳಲ್ಲಿ ಕಣ್ಣಿಗೆ ಬೀಳದ ಹಿಂಬದಿಯಲ್ಲಿಯೂ ಕೆತ್ತನೆಗಳಿವೆ. ಆದುದರಿಂದ ಇವೆಲ್ಲವೂ ನೋಡುವವರಿಗಾಗಿ ಮಾಡಿದ ಅಲಂಕಾರವೆಂದು ಹೇಳಲಾಗದು. ಕಟ್ಟಿದವರು ಬರಹವನ್ನು ಬಿಟ್ಟುಹೋಗಿಲ್ಲ. ಅವುಗಳ ಅರ್ಥದ ಕುರಿತ ವಿವರಣೆಗಳೆಲ್ಲವೂ ಊಹೆಗಳೇ.

ಉದಯಸೂರ್ಯನ ಬೆಳಕು ಯಾವುದೋ ಒಂದು ಕಾಲದಲ್ಲಿ ಆ ಮೂರು ಸುರುಳಿಗಳನ್ನು ಬೆಳಗುತ್ತದೆ ಎಂಬ ಮಾತು ಆ ಸೀಮೆಯಲ್ಲಿತ್ತು. ಕಂಡವರು ಮಾತ್ರ ಯಾರೂ ಸಿಗಲಿಲ್ಲ. 1962ರಿಂದ ಅಲ್ಲಿ ಉತ್ಖನನ ನಡೆಸಿದ ಮೈಕೆಲ್ ಜೆ. ಓಕೆಲಿ ಆ ಮಾತನ್ನು ತಳ್ಳಿಹಾಕಲೂ ಇಲ್ಲ, ಪರೀಕ್ಷಿಸದೆ ನಂಬಲೂ ಇಲ್ಲ. ಬಾಗಿಲು ಆಗ್ನೇಯಕ್ಕಿದೆ, ಸೂರ್ಯನು ಆಗ್ನೇಯದಲ್ಲಿ ಮೂಡುವುದು ಚಳಿಗಾಲದಲ್ಲಿ. ಹೀಗೆ ತರ್ಕಿಸಿ ಅವರು 1967ರ ಡಿಸೆಂಬರ್ 21ರಂದು, ಹಗಲು ಅತಿ ಕಿರಿದಾದ ದಿನಗಳಲ್ಲಿ, ಒಳಕೋಣೆಯಲ್ಲಿ ಕಾದರು. ಬಾಗಿಲ ಮೇಲಿನ ಕಿಂಡಿಯಿಂದ ಬೆಳಕಿನ ಕೋಲೊಂದು ಓಣಿಯುದ್ದಕ್ಕೂ ಹರಿದು ಒಳಕೋಣೆಯನ್ನು ಮುಟ್ಟಿತು. ಸುಮಾರು 17 ನಿಮಿಷ ಅಲ್ಲಿ ನೆಲೆಸಿ ಮರೆಯಾಯಿತು.

ಶಿಕ್ಷಕರು ಈ ಪಾಠದಲ್ಲಿ ಮೂರನ್ನು ಬೇರ್ಪಡಿಸಿ ಕಲಿಸಬೇಕು: ಕಂಡದ್ದು, ಕೇಳಿದ್ದು, ಊಹಿಸಿದ್ದು. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಜನರು ಮೋರ್ಯರಿಗೆ ಸೇರಿದವೆನ್ನುತ್ತಾರೆ. ದಕ್ಷಿಣ ಭಾರತದ ಇಂತಹ ಸಮಾಧಿಗಳಲ್ಲಿ ಬಹುಪಾಲು ಕಬ್ಬಿಣಯುಗದವು. ನ್ಯೂಗ್ರೇಂಜಿನೊಡನೆ ಅವಕ್ಕೆ ಕಾಲಸಂಬಂಧವಿಲ್ಲ. ಆದರೆ ಅಧ್ಯಯನದ ವಿಧಾನ ಒಂದೇ. ಮಕ್ಕಳು ತಮ್ಮೂರ ಕಲ್ಲುಗಳ ಬಗೆಗೆ ಹಿರಿಯರಿಂದ ಕೇಳಿದ ಮಾತನ್ನು ಅವರ ನುಡಿಯಲ್ಲಿಯೇ ಬರೆದು ತರಲಿ. ಕಲ್ಲಿನ ಅಳತೆ, ದಿಕ್ಕುಗಳನ್ನು ಪಕ್ಕದಲ್ಲಿ ಗುರುತಿಸಲಿ. ಕಲ್ಲನ್ನು ಕದಲಿಸಬಾರದು, ಗೀಚಬಾರದು. ಕಲ್ಲು ಉಳಿದರೂ ಅದರ ಮಾತನ್ನು ಬಲ್ಲ ಹಿರಿಯರು ಬಹುಕಾಲ ಉಳಿಯರು.