ಹ್ಯಾಲೊವೀನ್ ಸಂಜೆ: ಹೆದರಬೇಕಾದ್ದು ಕ್ಯಾಂಡಿಗಲ್ಲ, ಕಾರಿಗೆ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಅಮೆರಿಕದಿಂದ. ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಕ್ಯಾಂಡಿ ಬೇಡಿ ತರುವ ಹಬ್ಬದ್ದೇ ಚಿಂತೆ. ಒಂದು ಪತ್ರ ಮಾತ್ರ ನಮ್ಮ ಬೆಂಗಳೂರಿನದು.

ಮೈಸೂರಿನಿಂದ ನ್ಯೂಜೆರ್ಸಿಯ ಮಗಳ ಮನೆಗೆ ಬಂದಿದ್ದೇವೆ. ಆರು ವರ್ಷದ ಮೊಮ್ಮಗನನ್ನು ಟ್ರಿಕ್ ಆರ್ ಟ್ರೀಟ್‌ಗೆ ಕರೆದೊಯ್ಯುವ ಕೆಲಸ ನಮ್ಮ ಪಾಲಿಗೆ ಬಿದ್ದಿದೆ. ಗುರುತಿಲ್ಲದವರು ಕೊಡುವ ಮಿಠಾಯಿಯಲ್ಲಿ ವಿಷ, ಬ್ಲೇಡು ಇರುತ್ತದಂತೆ. ಕಳಿಸದಿದ್ದರೆ ಮಗು ಅಳುತ್ತಾನೆ. ಏನು ಮಾಡುವುದು?

ಧಾರಾಳವಾಗಿ ಹೋಗಿ ಬನ್ನಿ. ವಿಷದ ಕಥೆ ಅಮೆರಿಕದಲ್ಲಿ ತಲೆಮಾರುಗಳಿಂದ ಸುತ್ತುತ್ತಿದೆ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ಪತ್ರಿಕಾ ವರದಿಗಳನ್ನು ಜಾಲಾಡಿದವರು. ಮನೆಬಾಗಿಲಿಗೆ ಬಂದ ಯಾರದೋ ಮಗುವಿಗೆ ಅಪರಿಚಿತರು ವಿಷದ ಮಿಠಾಯಿ ಕೊಟ್ಟು ಕೊಂದ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬ ಬಾಲಕ ಸಯನೈಡ್ ಬೆರೆತ ಕ್ಯಾಂಡಿ ತಿಂದು ಸತ್ತದ್ದು ನಿಜ. ಆದರೆ ಅದನ್ನು ಕೊಟ್ಟವನು ಸ್ವಂತ ತಂದೆ, ವಿಮೆಯ ಹಣಕ್ಕಾಗಿ. ಆದರೂ ಮನೆಗೆ ಬಂದ ಮೇಲೆ ದೀಪದ ಬೆಳಕಿನಲ್ಲಿ ಚೀಲ ಸುರಿದು ನೋಡಿ. ಹರಿದ, ತೆರೆದ ಪೊಟ್ಟಣ ಮತ್ತು ಗುರುತಿಲ್ಲದವರು ಮನೆಯಲ್ಲೇ ಮಾಡಿ ಕೊಟ್ಟ ತಿಂಡಿ ಇದ್ದರೆ ಬಿಸಾಡಿ. ಈ ವಿಚಾರಕ್ಕೆ ಇಷ್ಟು ಸಾಕು.

ನಿಮ್ಮ ಪತ್ರದಲ್ಲಿ ಕಾರಿನ ಮಾತೇ ಇಲ್ಲ. ನನಗೆ ಆತಂಕವಾದದ್ದು ಅದಕ್ಕೆ. 1975ರಿಂದ 2016ರವರೆಗಿನ 42 ಹ್ಯಾಲೊವೀನ್ ಸಂಜೆಗಳ ರಸ್ತೆ ಸಾವುಗಳನ್ನು ಹಿಂದಿನ ಮತ್ತು ಮುಂದಿನ ವಾರದ ಅದೇ ಹೊತ್ತಿನ ಸಾವುಗಳ ಜೊತೆ ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆ ಸಂಜೆ ಪಾದಚಾರಿಗಳ ಸಾವಿನ ಅಪಾಯ ಶೇ 43ರಷ್ಟು ಹೆಚ್ಚು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಸುಮಾರು ಹತ್ತು ಪಟ್ಟು. ಹೆಚ್ಚು ಸಾವು ಸಂಭವಿಸಿದ್ದು ಸಂಜೆ ಆರರ ಸುಮಾರಿಗೆ. ನಿಮ್ಮ ಮೊಮ್ಮಗನ ವಯಸ್ಸು, ನೀವು ಹೊರಡುವ ಹೊತ್ತು ಎರಡೂ ಈ ಲೆಕ್ಕದೊಳಗೇ ಬರುತ್ತವೆ. ಅಕ್ಟೋಬರ್ ಕೊನೆಗೆ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿನಲ್ಲಿ. ಆಫೀಸು ಬಿಟ್ಟವರು ಮನೆಗೆ ಧಾವಿಸುವುದೂ ಆಗಲೇ. ಕಪ್ಪು ಬಟ್ಟೆಯ ಕುಳ್ಳ ಮಗು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಬರುತ್ತಿರುವ ಕಾರಿನ ವೇಗವನ್ನು ಅಂದಾಜು ಮಾಡುವ ಶಕ್ತಿಯೂ ಆ ವಯಸ್ಸಿಗೆ ಬಂದಿರುವುದಿಲ್ಲ.

ಇನ್ನೊಂದು ವಿಷಯ ಊರಿನಿಂದ ಹೋದ ಅಜ್ಜ ಅಜ್ಜಿಯರಿಗೇ ಹೇಳಬೇಕಾದ್ದು. ರಸ್ತೆ ದಾಟುವಾಗ ನಿಮ್ಮ ಕತ್ತು ತಾನಾಗಿ ಮೊದಲು ಬಲಕ್ಕೆ ತಿರುಗುತ್ತದೆ. ಎಪ್ಪತ್ತು ವರ್ಷದ ಅಭ್ಯಾಸ, ಬೇಡವೆಂದರೂ ಬಿಡದು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಮೊದಲ ಕಾರು ಬರುವುದು ನಿಮ್ಮ ಎಡದಿಂದ. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ನೋಡಿ. ಅಮೆರಿಕದ ಹೆಚ್ಚಿನ ಕಡೆ ಕೆಂಪು ದೀಪವಿದ್ದರೂ ಕಾರು ನಿಲ್ಲಿಸಿ ನೋಡಿ ಬಲಕ್ಕೆ ತಿರುಗಬಹುದು. ಹಾಗೆ ತಿರುಗುವ ಚಾಲಕನ ಕಣ್ಣು ಎಡಗಡೆಯ ವಾಹನಗಳ ಮೇಲಿರುತ್ತದೆ, ಅವನ ಬಲಕ್ಕೆ ನಿಂತ ಮಗುವಿನ ಮೇಲಲ್ಲ. ದಾಟುವ ಸಂಕೇತ ಬಂದರೂ ಚಾಲಕ ನಿಮ್ಮನ್ನು ನೋಡಿದ್ದಾನೆಂದು ಖಾತ್ರಿಯಾದ ಮೇಲೆಯೇ ಕಾಲಿಡಿ. ಮನೆಗಳಿಂದ ಹಿಂದಕ್ಕೆ ಬರುವ ಕಾರುಗಳ ಮೇಲೂ ಗಮನವಿರಲಿ. ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ, ಮೂಲೆಯಲ್ಲಿ ದಾಟಿ ಇನ್ನೊಂದು ಬದಿ ಹಿಡಿಯಿರಿ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡಾಟ ಬೇಡ. ಪಾದಚಾರಿ ಹಾದಿ ಇಲ್ಲದ ಕಡೆ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಎಡ ಅಂಚಿನಲ್ಲಿ ನಡೆಯಿರಿ. ಮುಂಬಾಗಿಲ ದೀಪ ಉರಿಯುತ್ತಿರುವ ಮನೆಗಷ್ಟೇ ಹೋಗುವುದು ಅಲ್ಲಿನ ರೂಢಿ.

ವೇಷಕ್ಕೆ ಮುಂದೆಯೂ ಹಿಂದೆಯೂ ಬೆಳಕಿಗೆ ಹೊಳೆಯುವ ಟೇಪು ಅಂಟಿಸಿ, ಮಗುವಿನ ಕೈಗೊಂದು ಟಾರ್ಚು ಕೊಡಿ. ಮುಖವಾಡ ಪಕ್ಕದ ನೋಟವನ್ನು ಮುಚ್ಚುತ್ತದೆ, ಬಣ್ಣ ಹಚ್ಚುವುದು ಮೇಲು. ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಒಂದಿಷ್ಟು ಹಚ್ಚಿ, ತುರಿಕೆ ಬರುತ್ತದೆಯೇ ನೋಡಿ. ನಿಲುವಂಗಿ ನೆಲ ಗುಡಿಸುವಷ್ಟು ಉದ್ದವಿದ್ದರೆ ಮಡಚಿ ಹೊಲಿಯಿರಿ. ಹೊಸ್ತಿಲ ಮುಂದೆ ಅಲಂಕಾರಕ್ಕಿಟ್ಟ ಕುಂಬಳಕಾಯಿಯೊಳಗೆ ಇನ್ನೂ ಮೇಣದಬತ್ತಿ ಇಡುವವರಿದ್ದಾರೆ, ಅಂಚಿಗೆ ಬೆಂಕಿ ತಗಲೀತು.

ಮಗಳಿಗೆ ಐದು ವರ್ಷ, ಶೇಂಗಾ ಅಲರ್ಜಿ. ಸ್ನೇಹಿತೆಯರ ಜೊತೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಹೋಗಲಿ, ನೀವೂ ಜೊತೆಗೆ ಹೋಗಿ. ನಿಯಮ ಒಂದೇ: ಮನೆಗೆ ಬಂದು ಪೊಟ್ಟಣದ ಮೇಲಿನ ವಿವರವನ್ನು ನೀವು ಓದಿ ನೋಡುವವರೆಗೆ ಒಂದು ಚೂರೂ ಬಾಯಿಗೆ ಹೋಗಕೂಡದು. ಹೊರಡುವ ಮುಂಚೆ ಹೊಟ್ಟೆ ತುಂಬ ಊಟ ಹಾಕಿದರೆ ಈ ನಿಯಮ ಸುಲಭವಾಗಿ ನಡೆಯುತ್ತದೆ. ಸ್ನಿಕರ್ಸ್, ರೀಸಸ್ ಇವುಗಳಲ್ಲಿ ಶೇಂಗಾ ಇರುವುದು ಎಲ್ಲರಿಗೂ ಗೊತ್ತು. ಮೋಸ ಮಾಡುವವು ಪುಟಾಣಿ ಪೊಟ್ಟಣಗಳು. ದೊಡ್ಡ ಪೊಟ್ಟಣದಲ್ಲಿ ಇಲ್ಲದ ಸಾಮಗ್ರಿ ಅದೇ ಹೆಸರಿನ ಚಿಕ್ಕದರಲ್ಲಿ ಇರಬಹುದು, ಕೆಲವು ಚಿಕ್ಕವುಗಳ ಮೇಲೆ ವಿವರವೇ ಇರುವುದಿಲ್ಲ. ಶೇಂಗಾ ಸಾಮಗ್ರಿಯಾಗಿ ಇದ್ದರೆ ನಮೂದಿಸುವುದು ಅಮೆರಿಕದ ಕಾನೂನಿನಂತೆ ಕಡ್ಡಾಯ. ಆದರೆ ‘ಶೇಂಗಾ ಅಂಶ ಸೇರಿರಬಹುದು’ ಎಂಬ ಎಚ್ಚರಿಕೆ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಆ ಸಾಲು ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತೆ ಪಡಬೇಡಿ. ಅನುಮಾನ ಬಂದದ್ದನ್ನೆಲ್ಲ ಪಕ್ಕಕ್ಕಿಟ್ಟು, ಬದಲಿಗೆ ನೀವೇ ಮೊದಲು ತಂದಿಟ್ಟ ಒಳ್ಳೆಯ ತಿಂಡಿ ಕೊಡಿ.

ಕೆಲವು ಮನೆಗಳ ಮುಂದೆ ನೀಲಿ ಹಸಿರು ಬಣ್ಣದ ಕುಂಬಳಕಾಯಿ ಕಾಣಬಹುದು. ಅಲ್ಲಿ ಸ್ಟಿಕ್ಕರ್, ಪೆನ್ಸಿಲ್‌ನಂಥ, ತಿನ್ನಲಾಗದ ಉಡುಗೊರೆಯೂ ಸಿಗುತ್ತದೆಂದು ಅರ್ಥ. ಟೆನೆಸ್ಸಿಯಲ್ಲಿ ಅಲರ್ಜಿ ಮಕ್ಕಳ ಪೋಷಕರ ನಡುವೆ ಹುಟ್ಟಿದ ಈ ಪದ್ಧತಿ 2014ರಿಂದ ದೇಶದ ತುಂಬ ಹಬ್ಬಿದೆ. ನಿಮ್ಮ ಬಾಗಿಲಲ್ಲೂ ಒಂದಿಡಿ.

ಎಪಿನೆಫ್ರಿನ್ ಇಂಜೆಕ್ಷನ್ ನಿಮ್ಮ ಕೈಚೀಲದಲ್ಲೇ ಇರಬೇಕು, ಮನೆಯ ಕಪಾಟಿನಲ್ಲಿ ಅಲ್ಲ. ಶೇಂಗಾ ತಿಂದ ಮೇಲೆ ಉಸಿರಾಟಕ್ಕೆ ತೊಂದರೆ, ದನಿ ಒಡೆಯುವುದು, ತುಟಿ ನಾಲಿಗೆ ಊದುವುದು, ಮೈಯೆಲ್ಲ ದದ್ದಿನ ಜೊತೆ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ತೊಡೆಯ ಹೊರಭಾಗಕ್ಕೆ ಚುಚ್ಚಿ, ಬಟ್ಟೆಯ ಮೇಲಿಂದಲೇ ಆಗಲಿ. ಆಮೇಲೆ 911ಕ್ಕೆ ಕರೆ ಮಾಡಿ. ಮಗುವನ್ನು ಮಲಗಿಸಿ, ಉಸಿರು ಕಟ್ಟುತ್ತಿದ್ದರೆ ಒರಗಿಸಿ ಕೂರಿಸಿ, ಓಡಾಡಿಸಬೇಡಿ. ಬೆನಾಡ್ರಿಲ್ ಕುಡಿಸಿ ಕಾದು ನೋಡುವ ಪೋಷಕರು ಬಹಳ. ಅದು ತುರಿಕೆಗೆ ಔಷಧ, ಕಟ್ಟುತ್ತಿರುವ ಗಂಟಲನ್ನು ಅದು ತೆರೆಯಲಾರದು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ನಂತರ ಲಕ್ಷಣಗಳು ಮರಳಬಹುದು.

ದೊಡ್ಡವನ ಚೀಲಕ್ಕೆ ಎರಡು ವರ್ಷದ ಚಿಕ್ಕವಳು ಕೈ ಹಾಕುತ್ತಾಳೆ. ಯಾವುದು ಕೊಡಬಹುದು?

ಗಟ್ಟಿ ಕ್ಯಾಂಡಿ, ಇಡೀ ಶೇಂಗಾ ಬಾದಾಮಿ, ಪಾಪ್‌ಕಾರ್ನ್, ಚ್ಯೂಯಿಂಗ್ ಗಮ್, ಅಂಟು ಕ್ಯಾರಮೆಲ್ ನಾಲ್ಕು ವರ್ಷ ತುಂಬುವವರೆಗೆ ಬೇಡ. ಗಂಟಲಿಗೆ ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಬಾಯಲ್ಲಿ ಬೆರಳಾಡಿಸಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಕೆಮ್ಮಲೂ ಅಳಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಗುದ್ದು, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತು, ವಸ್ತು ಹೊರಬರುವವರೆಗೆ ಹೀಗೇ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಇದನ್ನು ಓದಿ ಕಲಿಯಲಾಗದು, ಹತ್ತಿರದ ತರಬೇತಿಗೆ ಹೆಸರು ಕೊಡಿ.

ಚಿಕ್ಕವರಿಗೆ ಇನ್ನೊಂದು ಗಂಡಾಂತರ ಗಾಂಜಾ ಬೆರೆಸಿದ ಗಮ್ಮಿಗಳು. ನೋಡಲು ಥೇಟ್ ಮಿಠಾಯಿ. ಆರು ವರ್ಷದೊಳಗಿನವರು ಗಾಂಜಾ ಬೆರೆತ ತಿನಿಸು ತಿಂದು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ ವರದಿಯಾದ ಪ್ರಕರಣ 2017ರಲ್ಲಿ 207, 2021ರಲ್ಲಿ 3,054. ಬಹುತೇಕ ಮಕ್ಕಳಿಗೆ ಸಿಕ್ಕಿದ್ದು ಮನೆಯೊಳಗೇ. ದುಬಾರಿ ಸರಕನ್ನು ಬಾಗಿಲಿಗೆ ಬಂದ ಮಕ್ಕಳಿಗೆ ಹಂಚುವ ಉದಾರಿಗಳು ಕಡಿಮೆ! ಹಬ್ಬದ ರಾತ್ರಿ ಮಗು ಕಾರಣವಿಲ್ಲದೆ ತೂಕಡಿಸಿದರೆ, ತೂರಾಡಿದರೆ ‘ಸುಸ್ತಾಗಿದೆ’ ಎಂದು ಮಲಗಿಸಬೇಡಿ. 1-800-222-1222ಕ್ಕೆ ಕರೆ ಮಾಡಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ನೇರ 911.

ಹದಿನಾಲ್ಕರ ಮಗನಿಗೆ ಬೆಕ್ಕಿನ ಕಣ್ಣಿನಂಥ ಲೆನ್ಸ್ ಬೇಕಂತೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದಂತೆ.

ಬೇಡ. ಅಲಂಕಾರದ ಲೆನ್ಸನ್ನೂ ವೈದ್ಯರ ಚೀಟಿಯಿಲ್ಲದೆ ಮಾರುವುದು ಅಮೆರಿಕದಲ್ಲಿ ಕಾನೂನುಬಾಹಿರ. ಅಳತೆಗೆ ಹೊಂದದ ಲೆನ್ಸ್ ಕಾರ್ನಿಯಾವನ್ನು ಗೀರಿ ಹುಣ್ಣು ಮಾಡಬಲ್ಲದು, ದೃಷ್ಟಿಯೇ ಹೋದೀತು.

ಅಷ್ಟು ಸಕ್ಕರೆ ತಿಂದು ರಾತ್ರಿಯಿಡೀ ಕುಣಿಯುತ್ತಾರಲ್ಲ?

ಕುಣಿತಕ್ಕೆ ಸಕ್ಕರೆ ಕಾರಣವಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1995ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸಕ್ಕರೆ ಮಕ್ಕಳ ವರ್ತನೆಯನ್ನು ಬದಲಿಸಿದ್ದು ಕಾಣಲಿಲ್ಲ. ವೇಷ, ಗೆಳೆಯರು, ತಡರಾತ್ರಿ ಇದ್ದ ಮೇಲೆ ಕುಣಿಯದೆ ಇರುತ್ತಾರೆಯೇ? ಹಲ್ಲಿನ ಚಿಂತೆ ನಿಜ. ದಿನವಿಡೀ ಒಂದೊಂದೇ ಚೀಪುವುದಕ್ಕಿಂತ ಊಟದ ಜೊತೆ ಎರಡು ತಿಂದು ಬಾಯಿ ತೊಳೆಯುವುದು ವಾಸಿ. ಟೈಪ್ 1 ಮಧುಮೇಹದ ಮಕ್ಕಳೂ ತಿನ್ನಬಹುದು, ಪ್ರತಿ ಕ್ಯಾಂಡಿಯ ಕಾರ್ಬೋಹೈಡ್ರೇಟ್ ಲೆಕ್ಕ ಹಿಡಿದು ಇನ್ಸುಲಿನ್ ಹೊಂದಿಸಿಕೊಂಡರೆ ಸರಿ.

ಬೆಂಗಳೂರಿನ ವೈಟ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಹ್ಯಾಲೊವೀನ್ ಮಾಡುತ್ತೇವೆ. ಗೇಟಿನೊಳಗೇ ಇರುವುದರಿಂದ ಭಯವಿಲ್ಲ ತಾನೆ?

ಗೇಟಿನೊಳಗೂ ಕಾರುಗಳಿವೆ. ನೆಲಮಾಳಿಗೆಯ ಇಳಿಜಾರಿನಿಂದ ಮೇಲೆ ಬರುವ ಚಾಲಕನಿಗೆ ಅಂಚಿನಲ್ಲಿ ನಿಂತ ಮಗು ಕಾಣುವುದಿಲ್ಲ. ಮಕ್ಕಳು ಸುತ್ತುವಷ್ಟು ಹೊತ್ತು ಅಲ್ಲಿ ದೊಡ್ಡವರೊಬ್ಬರನ್ನು ನಿಲ್ಲಿಸಿ, ಮಕ್ಕಳ ಗುಂಪು ನೆಲಮಾಳಿಗೆಗೆ ಇಳಿಯದಂತೆ ನೋಡಿಕೊಳ್ಳಿ. ಲಿಫ್ಟಿನ ಬಾಗಿಲಿಗೆ ನಿಲುವಂಗಿ, ಬಾಲ ಸಿಕ್ಕಿಕೊಳ್ಳಬಹುದು. ದೀಪಾವಳಿ ಹತ್ತಿರವಿದ್ದರೆ ಬಾಗಿಲ ಬಾಗಿಲಿಗೂ ಹಣತೆ ಇರುತ್ತದೆ. ತೆಳ್ಳನೆಯ ವೇಷದ ಬಟ್ಟೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ಆ ಸಂಜೆ ಕಾರಿಡಾರಿನಲ್ಲಿ ಬ್ಯಾಟರಿ ದೀಪ ಸಾಕು. ನಿಮ್ಮಲ್ಲಿ ಹಂಚುವ ಚಿಕ್ಕಿ, ಬರ್ಫಿಗಳ ಮೇಲೆ ಸಾಮಗ್ರಿಯ ವಿವರ ಇರುವುದಿಲ್ಲ. ಯಾವ ಮಗುವಿಗೆ ಯಾವ ಅಲರ್ಜಿ ಎಂದು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲೇ ಕೇಳಿಡಿ. ಮನೆಯೊಳಗೆ ಮಕ್ಕಳನ್ನು ಕರೆಯುವುದಿದ್ದರೆ ಅಜ್ಜ ಅಜ್ಜಿಯರ ಬಿಪಿ, ಸಕ್ಕರೆ ಮಾತ್ರೆಗಳ ಡಬ್ಬಿಯನ್ನು ಟೀಪಾಯಿಯಿಂದ ಎತ್ತಿ ಮೇಲಿನ ಕಪಾಟಿಗೆ ಹಾಕಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ಒಂದೇ ಒಂದು ನುಂಗಿದರೂ ಚಿಕ್ಕ ಮಗುವಿನ ರಕ್ತದ ಸಕ್ಕರೆ ಗಂಟೆಗಳ ಬಳಿಕ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನುಂಗಿದ ಅನುಮಾನವಿದ್ದರೆ ಲಕ್ಷಣಕ್ಕೆ ಕಾಯದೆ 108ಕ್ಕೆ ಕರೆ ಮಾಡಿ, ಮಾತ್ರೆಯ ಸ್ಟ್ರಿಪ್ಪನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ.