ನಮ್ಮೂರ ಗಾಳಿಯ ಲೆಕ್ಕ ಯಾರ ಬಳಿ ಇದೆ?



ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ಉಣಕಲ್ ಕೆರೆ ದಾಟಿದ ಮೇಲೆ ಬೈರಿದೇವರಕೊಪ್ಪ ಸಿಗುತ್ತದೆ. ದಿನವಿಡೀ ವಾಹನಗಳು ಓಡಾಡುವ ದೊಡ್ಡ ರಸ್ತೆ ಈ ಊರನ್ನು ಹಾದು ಹೋಗಿದೆ. ಬೇಸಿಗೆಯಲ್ಲಿ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಸಾಕು, ಬೆರಳು ಕೆಂಪಾಗುತ್ತದೆ.

ಅಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: “ಸರ, ಉಪಗ್ರಹ ಅಷ್ಟ ಮ್ಯಾಲಿಂದ ನಮ್ಮೂರ ಧೂಳಾ ನೋಡತೈತೇನ್ರಿ? ನೋಡಿದ್ರ ಯಾರಿಗೆ ಹೇಳತೈತ್ರಿ?”

ಅವಳ ತಮ್ಮನಿಗೆ ಉಬ್ಬಸವಿದೆ. ಯಾವ ದಿನ ಅವನನ್ನು ಹೊರಗೆ ಆಡಲು ಬಿಡಬೇಕು, ಯಾವ ದಿನ ಬಿಡಬಾರದು ಎಂಬುದು ಅವರ ಮನೆಯ ಚಿಂತೆ. ಬನ್ನಿ, ಅವಳ ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ನೆಲದ ಮೇಲಿನ ಲೆಕ್ಕ

ಗಾಳಿಯಲ್ಲಿ ತೇಲುವ, 10 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳಿಗೆ ಪಿ.ಎಂ.10 ಎನ್ನುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಹಾಗಾದರೆ ಈ ಕಣ ಎಷ್ಟು ಸಣ್ಣದೆಂದು ನೀವೇ ಊಹಿಸಿ!

ಇದನ್ನು ಅಳೆಯುವ ಯಂತ್ರ ಗಾಳಿಯನ್ನು ಎಳೆದು ಸೋಸು ಕಾಗದದ ಮೂಲಕ ಹಾಯಿಸುತ್ತದೆ. ಕಾಗದವನ್ನು ಮೊದಲೂ ಆಮೇಲೂ ತೂಗುತ್ತಾರೆ. ಒಂದು ಉದಾಹರಣೆ ನೋಡೋಣ. ಒಂದು ದಿನದಲ್ಲಿ 1500 ಘನ ಮೀಟರ್ ಗಾಳಿ ಹಾದುಹೋಗಿ ಕಾಗದದ ತೂಕ 0.12 ಗ್ರಾಂ ಹೆಚ್ಚಿತು ಎನ್ನೋಣ. 0.12 ಗ್ರಾಂ ಎಂದರೆ 1,20,000 ಮೈಕ್ರೋಗ್ರಾಂ. ಅದನ್ನು 1500ರಿಂದ ಭಾಗಿಸಿದರೆ ಒಂದು ಘನ ಮೀಟರಿಗೆ 80 ಮೈಕ್ರೋಗ್ರಾಂ. 2009ರಲ್ಲಿ ನಮ್ಮ ದೇಶ ಗೊತ್ತುಪಡಿಸಿದ ಮಿತಿ ದಿನಕ್ಕೆ 100, ವರ್ಷದ ಸರಾಸರಿ 60.

2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭವಾಯಿತು. ಗಾಳಿಯ ಗುಣಮಟ್ಟದ ಮಿತಿಯನ್ನು ಸತತವಾಗಿ ಮೀರಿದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿದ್ದವು: ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ.

ಈ ಯಂತ್ರದ ಅಳತೆ ನಂಬಲರ್ಹ. ಆದರೆ ಅದು ತಾನಿರುವ ಜಾಗದ ಗಾಳಿಯನ್ನು ಮಾತ್ರ ಬಲ್ಲದು. ಓಣಿಗೊಂದು ಯಂತ್ರ ಇಡಲು ಸಾಧ್ಯವೆ?

ಆಕಾಶದಿಂದ ಬರುವ ಲೆಕ್ಕ

ಚಳಿಗಾಲದ ಮುಂಜಾನೆ ನೃಪತುಂಗ ಬೆಟ್ಟದಿಂದ ಹುಬ್ಬಳ್ಳಿಯನ್ನು ನೋಡಿದ್ದೀರಾ? ಊರು ಮಬ್ಬಾಗಿ ಕಾಣುತ್ತದೆ. ಉಪಗ್ರಹವೂ ಧೂಳಿನ ಒಂದೊಂದೇ ಕಣವನ್ನು ನೋಡುವುದಿಲ್ಲ, ಈ ಮಬ್ಬನ್ನು ಅಳೆಯುತ್ತದೆ.

2016ರ ಸೆಪ್ಟೆಂಬರ್ 8ರಂದು ಶ್ರೀಹರಿಕೋಟಾದಿಂದ ಹಾರಿದ ಇನ್ಸಾಟ್-3ಡಿಆರ್ ಉಪಗ್ರಹಕ್ಕೆ ಭೂಮಧ್ಯರೇಖೆಯ ಮೇಲೆ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ಸ್ಥಾನ ಕೊಡಲಾಯಿತು. ಹುಬ್ಬಳ್ಳಿ ಇರುವುದು ಸುಮಾರು 75 ಡಿಗ್ರಿಯಲ್ಲಿ. ಅಂದರೆ ಅದು ಹೆಚ್ಚುಕಡಿಮೆ ನಮ್ಮ ನೇರ ದಕ್ಷಿಣಕ್ಕೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಇಂಥ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲಿಯೇ ಇದೆ!

ಇದು ಒಂದೇ ಕಡೆ ನಿಂತಂತಿದ್ದು ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಯುರೋಪಿನ ಸೆಂಟಿನೆಲ್-5ಪಿ (2017) ಹಾಗಲ್ಲ. ಅದು ಭೂಮಿಯನ್ನು ಸುತ್ತುತ್ತಾ ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತು, ನಮ್ಮ ಮೇಲೆ ಹಾದು ಹೋಗುತ್ತದೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಗುರುತಿಸುತ್ತದೆ. ಅದರ ಚಿತ್ರದ ಒಂದು ಚೌಕಕ್ಕೆ ನೆಲದ ಮೇಲೆ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ. ಬೈರಿದೇವರಕೊಪ್ಪದ ದೊಡ್ಡ ರಸ್ತೆ, ಓಣಿ, ಹೊಲ ಎಲ್ಲಕ್ಕೂ ಸೇರಿ ಒಂದೇ ಅಂಕಿ ಬರಬಹುದು!

ಇನ್ನೂ ಎರಡು ತೊಡಕುಗಳಿವೆ. ಮಳೆಗಾಲದ ದಟ್ಟ ಮೋಡದ ಕೆಳಗೆ ಏನಿದೆಯೆಂದು ಇವಕ್ಕೆ ಕಾಣುವುದಿಲ್ಲ. ಅಲ್ಲದೆ ಇವು ಅಳೆಯುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯನ್ನು. ನಾವು ಉಸಿರಾಡುವುದು ಅದರ ತಳದ ಗಾಳಿಯನ್ನು ಮಾತ್ರ.

ಹಂಚಿಕೊಂಡರೆ ಏನು ಲಾಭ?

ಒಂದಕ್ಕೆ ಸಮಯ ಗೊತ್ತು, ಇನ್ನೊಂದಕ್ಕೆ ಅನಿಲ ಗೊತ್ತು, ನೆಲದ ಯಂತ್ರಕ್ಕೆ ನಾವು ಉಸಿರಾಡುವ ಗಾಳಿ ಗೊತ್ತು. ಈ ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಂತ್ರವಿಲ್ಲದ ಊರಿನ ಗಾಳಿಯನ್ನೂ ಅಂದಾಜು ಮಾಡಬಹುದು. ಉಪಗ್ರಹದ ಅಂದಾಜು ತಪ್ಪಿದರೆ ನೆಲದ ಅಳತೆ ತಿದ್ದುತ್ತದೆ.

ಗಾಳಿ ಗಡಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ದೇಶಗಳೂ ಜೊತೆಗೂಡಿವೆ. ಭೂಮಿಯನ್ನು ನೋಡುವ ಉಪಗ್ರಹಗಳ ಕೆಲಸವನ್ನು ಹೊಂದಿಸಲು 1984ರಲ್ಲಿ ಒಂದು ಅಂತಾರಾಷ್ಟ್ರೀಯ ಸಮಿತಿ ಹುಟ್ಟಿತು. ನಮ್ಮ ಇಸ್ರೋ ಕೂಡ ಅದರ ಸದಸ್ಯ. ಸೆಂಟಿನೆಲ್-5ಪಿ ದತ್ತಾಂಶ ಯಾರಿಗೆ ಬೇಕಾದರೂ ಉಚಿತ. ಇನ್ಸಾಟ್ ದತ್ತಾಂಶವನ್ನು ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಅಂತರ್ಜಾಲದ ಮೂಲಕ ಒದಗಿಸುತ್ತದೆ.

ಮಾಡಿ ನೋಡಿ

ಬಿಳಿ ರಟ್ಟಿನ ಮೇಲೆ 1 ಸೆಂ.ಮೀ. ಅಳತೆಯ ಚೌಕ ಬರೆದು ತೆಳುವಾಗಿ ವ್ಯಾಸಲೀನ್ ಸವರಿ. ಶಾಲೆಯ ಆವರಣದ ಒಳಗೆ, ಮಳೆ ತಾಗದ ಕಡೆ ತೂಗುಹಾಕಿ. ಆಮೇಲೆ ಭೂತಗನ್ನಡಿಯಿಂದ ಚೌಕದೊಳಗಿನ ಕಣಗಳನ್ನು ಎಣಿಸಿ. ಇದಕ್ಕೆ ಅಂಟುವುದು ದೊಡ್ಡ ಕಣಗಳು. ಪಿ.ಎಂ.10 ಅಳೆಯಲು ಯಂತ್ರವೇ ಬೇಕು.

ಒಮ್ಮೆ ಎರಡು ಶಾಲೆಗಳಿಂದ ನಾನು ಇದನ್ನು ಮಾಡಿಸಿದೆ. ಒಂದು ರಸ್ತೆಯ ಬದಿಗೆ, ಇನ್ನೊಂದು ಕೆರೆಯ ಬದಿಗೆ. ಆಶ್ಚರ್ಯ! ಕೆರೆಯ ಬದಿಯ ಕಾರ್ಡಿನಲ್ಲೇ ಹೆಚ್ಚು ಧೂಳು. ವಿಚಾರಿಸಿದರೆ ಅವರು ಅದನ್ನು ಮೂರು ದಿನ ಇಟ್ಟಿದ್ದರು, ರಸ್ತೆ ಬದಿಯವರು ಒಂದೇ ದಿನ. ಎಷ್ಟು ದಿನ ಇಡಬೇಕೆಂದು ನಾನೇ ಹೇಳಿರಲಿಲ್ಲ! ಎರಡೂ ಶಾಲೆಯ ಶ್ರಮ ವ್ಯರ್ಥವಾಯಿತು.

ಅಂದು ಮಕ್ಕಳ ಜೊತೆ ನಾನೂ ಕಲಿತೆ. ಅಂಕಿಯನ್ನು ಮಾತ್ರ ಕೊಟ್ಟರೆ ಅದು ಹಂಚಿಕೆ ಆಗುವುದಿಲ್ಲ. ಎಲ್ಲಿ, ಯಾವಾಗ, ಎಷ್ಟು ಹೊತ್ತು, ಯಾವುದರಿಂದ ಅಳೆದೆವು ಎಂಬುದನ್ನೂ ಜೊತೆಗೆ ಬರೆದು ಕೊಡಬೇಕು. ವಿಜ್ಞಾನಿಗಳೂ ಹೀಗೆಯೇ ಮಾಡುತ್ತಾರೆ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಹೌದು, ಉಪಗ್ರಹ ನಮ್ಮೂರ ಮೇಲಿನ ಮಬ್ಬನ್ನು ನೋಡುತ್ತದೆ. ಕೇಳಿದವರಿಗೆ ಹೇಳುತ್ತದೆ ಕೂಡ. ಆದರೆ ಅವಳ ತಮ್ಮ ಉಸಿರಾಡುವ ಗಾಳಿ ಹೇಗಿದೆಯೆಂದು ತಿಳಿಯಲು ನೆಲದ ಅಳತೆಯೂ ಅದರೊಂದಿಗೆ ಸೇರಲೇಬೇಕು.

ಯೋಚಿಸಿ ಉತ್ತರಿಸಿ

1. ಜುಲೈ ತಿಂಗಳಲ್ಲಿ ನಮ್ಮೂರ ಗಾಳಿ ತಿಳಿಯಲು ಉಪಗ್ರಹವೊಂದೇ ಏಕೆ ಸಾಲದು?
2. ನಿಮ್ಮ ಕಾರ್ಡನ್ನು ಪಕ್ಕದ ಊರಿನ ಶಾಲೆಗೆ ಕಳಿಸುವಾಗ ಅದರ ಹಿಂದೆ ಏನೇನು ಬರೆಯುವಿರಿ?