ಪಟ್ಟೆ ಬಿದ್ದದ್ದು ಮೋಡಕ್ಕಲ್ಲ

ಅಡಿಕೆ ಕೊಯ್ಲಿನ ಕಾಲದಲ್ಲಿ ಬಸವಾಪಟ್ಟಣದ ಕಡೆ ಎಲ್ಲರ ಕಣ್ಣೂ ಮೋಡದ ಮೇಲೆ. ಬೇಯಿಸಿ ಅಂಗಳಕ್ಕೆ ಹರವಿದ ಅಡಿಕೆ ಮಳೆಗೆ ಸಿಕ್ಕರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ. ಹವಾಮಾನ ಉಪಗ್ರಹದ ಚಿತ್ರವನ್ನು ನೇರವಾಗಿ ಮನೆಯಲ್ಲೇ ಹಿಡಿಯುವ ಹುಚ್ಚು ನನಗೆ ಅಂಟಿದ್ದು ಆ ನೆಪದಲ್ಲೇ. ಬೇಕಾದ್ದು ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ ರಿಸೀವರ್), ಒಂದು ಲ್ಯಾಪ್‌ಟಾಪ್, ಸುಮಾರು 53 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿಗೆ ಚಾಚಿದ ಆಂಟೆನಾ, ಅಷ್ಟೆ.

ಚಿತ್ರ ಬರುತ್ತದೆ, ಶುದ್ಧವಾಗಿ ಬರುವುದೇ ಕಷ್ಟ. ನಾಯ್ಸ್‌ನ ಆಕಾರ ನೋಡಿದರೆ ಅದರ ಮೂಲ ಸಿಗುತ್ತದೆ ಎನ್ನುವುದು ನನ್ನ ಅನುಭವ. ಅಮೆರಿಕದ ನೋವಾ ಹವಾಮಾನ ಉಪಗ್ರಹಗಳು ಸೆಕೆಂಡಿಗೆ ಎರಡು ಸಾಲಿನಂತೆ ಅನಲಾಗ್ ಚಿತ್ರ ಕಳಿಸುತ್ತಿದ್ದವು. ಮೇಲೂ ಕೆಳಗೂ ಮಾತ್ರ ಉಪ್ಪು ಚೆಲ್ಲಿದಂತಿದ್ದರೆ ಉಪಗ್ರಹ ದಿಗಂತಕ್ಕೆ ಹತ್ತಿರವಿತ್ತು, ತೋಟದ ಮರಗಳು ಅಡ್ಡ ಬಂದವು ಎಂದರ್ಥ. ಇಡೀ ಚಿತ್ರ ಓರೆಯಾದರೆ ಸ್ಯಾಂಪ್ಲಿಂಗ್ ಗಡಿಯಾರದ ತಪ್ಪು. ನಡುವೆ ಒಮ್ಮೆಲೇ ಪಕ್ಕಕ್ಕೆ ಜಾರಿದರೆ ಲ್ಯಾಪ್‌ಟಾಪ್ ಏದುಸಿರು ಬಿಟ್ಟು ಒಂದಷ್ಟು ಸ್ಯಾಂಪಲ್ ನುಂಗಿದೆ.

ಅಡ್ಡ ಪಟ್ಟೆಗಳೇ ಹೆಚ್ಚು ಕಾಡಿದವು. ಲ್ಯಾಪ್‌ಟಾಪನ್ನು ಬ್ಯಾಟರಿಗೆ ಹಾಕಿ, ಪರದೆಯ ಮೇಲಿನ ತರಂಗಪಟದಲ್ಲಿ ಆ ಪಟ್ಟೆಗೆ ಕಾರಣವಾದ ಗೆರೆಯನ್ನು ನೋಡುತ್ತ ಕೂತೆ. ನನ್ನ ತಮ್ಮ ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತ ಹೋದ. ಚಾರ್ಜರ್, ಯುಪಿಎಸ್, ಯಾವುದಕ್ಕೂ ಗೆರೆ ಜಗ್ಗಲಿಲ್ಲ. ಕೊಟ್ಟಿಗೆಯ ಅಗ್ಗದ ಎಲ್‌ಇಡಿ ಬಲ್ಬು ಆರಿದ್ದೇ ತಡ, ಮಾಯ!

ಎಲ್ಲ ತಪ್ಪೂ ನಮ್ಮದಲ್ಲ. ನೋವಾ-15ರ ಕ್ಯಾಮೆರಾದ ಸ್ಕ್ಯಾನ್ ಮೋಟಾರ್ ಆಗಾಗ ಕೈಕೊಡುತ್ತಿತ್ತು. ಆಗ ಚಿತ್ರ ಹರಿದು ಚೂರಾಗುತ್ತಿತ್ತು. ಕೇಬಲ್ ಬದಲಿಸಿ ಫಲವೇನು? 2025ರಲ್ಲಿ ನೋವಾ-18, 19, 15 ಮೂರೂ ನಿವೃತ್ತಿಯಾದವು.

ಈಗಿನ ಆಧಾರ ರಷ್ಯಾದ ಮೆಟಿಯೋರ್. ಇದು ಡಿಜಿಟಲ್: ಸಿಗ್ನಲ್ ಸಾಕಷ್ಟಿದ್ದರೆ ಚೊಕ್ಕ ಚಿತ್ರ, ಸ್ವಲ್ಪ ಕಡಿಮೆಯಾದರೆ ಕರಿ ಪಟ್ಟಿ. ಅನಲಾಗ್‌ನ ಅರೆಬರೆ ಮೋಡಕ್ಕೆ ಇಲ್ಲಿ ಜಾಗವಿಲ್ಲ. ಈ ಸರಣಿಯ ಎನ್2-3 ಉಪಗ್ರಹದ ಆಂಟೆನಾ ಕಕ್ಷೆಯಲ್ಲಿ ಸರಿಯಾಗಿ ಬಿಚ್ಚಿಕೊಂಡಿಲ್ಲವಾದ್ದರಿಂದ ನಾನು 2024ರಲ್ಲಿ ಹಾರಿದ ಎನ್2-4ನ್ನೇ ಹೆಚ್ಚು ನೆಚ್ಚುತ್ತೇನೆ.

ಫಿಲ್ಟರ್ ಒತ್ತಿ ಚಿತ್ರ ನುಣುಪು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ನಾಯ್ಸ್ ಜೊತೆ ಸಣ್ಣ ಮೋಡವನ್ನೂ ಅಳಿಸುತ್ತದೆ. ಹೊಸದಾಗಿ ಶುರು ಮಾಡುವವರು ಮೊದಲು ಕಚ್ಚಾ ರೆಕಾರ್ಡಿಂಗನ್ನು ಕುಗ್ಗಿಸದೆ ಹಾಗೇ ಉಳಿಸಿಕೊಳ್ಳಿ. ಮತ್ತೆ ಮತ್ತೆ ಡಿಕೋಡ್ ಮಾಡಿ ನೋಡಲು ಅದೊಂದೇ ದಾರಿ.